ಎರಡು ಇಂಜಿನ್ ಹೋದವು, ಎರಡರಲ್ಲೂ ಅದೇ ಬೇರಿಂಗ್: ಹವ್ಯಾಸಿ ರೇಸರ್ ಒಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: "ಸರ್, ನನ್ನದು ತುಮಕೂರು, ಕೆಲಸ ಬೆಂಗಳೂರಿನಲ್ಲಿ, ವಯಸ್ಸು 34. ರೇಸಿಗೆಂದೇ ತಯಾರು ಮಾಡಿದ್ದ ಹಳೇ ಮಾರುತಿ ಎಸ್ಟೀಮ್ ಒಂದನ್ನು ಹೋದ ವರ್ಷ ಕೊಂಡೆ. 1.3 ಲೀಟರ್ 16 ವಾಲ್ವ್ ಇಂಜಿನ್. ಚೆನ್ನೈ ಟ್ರ್ಯಾಕಿನಲ್ಲಿ ಓಡಿಸಿದೆ, ಎರಡನೇ ರೇಸಿಗೇ ಟಕಟಕ ಶಬ್ದ ಬಂದು ಇಂಜಿನ್ ನಿಂತಿತು. ಬಿಚ್ಚಿದರೆ 3ನೇ ಸಿಲಿಂಡರಿನ ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ ರಾಡು ಕ್ರ್ಯಾಂಕನ್ನು ಹಿಡಿಯುವ ಕಡೆಯದು) ತಿರುಗಿಹೋಗಿತ್ತು. ಹಳೇ ಇಂಜಿನ್ನಿನ ಆಯಿಲ್ ಭಾಗಗಳನ್ನೇ ಇಟ್ಟು ಬೇರೆ ಇಂಜಿನ್ ಹಾಕಿಸಿದೆ, ಅದೂ ಮೂರನೇ ರೇಸಿಗೆ ಹೋಯಿತು, ಅದೇ ಬೇರಿಂಗ್. ವಿಡಿಯೋದಲ್ಲಿ ಆಯಿಲ್ ದೀಪ ಮಿನುಗಿದೆ, ಸೆನ್ಸರ್ ವೈರ್ ಲೂಸ್ ಇರಬೇಕು ಅಂದುಕೊಂಡೆ. ಬಾಡಿ, ರೋಲ್ ಕೇಜ್, ಬ್ರೇಕ್ ಎಲ್ಲ ಚೆನ್ನಾಗಿವೆ. ಒಬ್ಬರು ಗಟ್ಟಿ ಆಯಿಲ್ ಹಾಕಿ ಅಂತಾರೆ, ಇನ್ನೊಬ್ಬರು ಒಂದು ಲೀಟರ್ ಜಾಸ್ತಿ ಹಾಕಿ ಅಂತಾರೆ. ನಮ್ಮ ಮೆಕ್ಯಾನಿಕ್ ಹೇಗೂ ಬಿಚ್ಚಿದ್ದೀವಿ, ಬೋರ್ ಮಾಡಿಸಿ ಹೆಡ್ ಉಜ್ಜಿಸಿ 8000 ಆರ್‌ಪಿಎಂ ಎಳೆಯೋ ಹಾಗೆ ಮಾಡೋಣ ಅಂತಾನೆ. ರೂಲ್ ಒಪ್ಪುತ್ತದಾ? ಜಿಟಿ ಕಾರುಗಳು 24 ಗಂಟೆ ಓಡುತ್ತವೆ, ನಂದು 20 ನಿಮಿಷ ಓಡಲ್ಲ. ಇದನ್ನು ಮಾರಿ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ತಗೊಳ್ಳಲಾ? ಮನೆಯಲ್ಲಿ ಇನ್ನೊಂದು ಇಂಜಿನ್ನಿಗೆ ದುಡ್ಡು ಕೇಳುವ ಮುಖ ಇಲ್ಲ."

ಉತ್ತರ: ನಮಸ್ಕಾರ. ನೀವು ಕಳಿಸಿದ ಬೇರಿಂಗ್ ಫೋಟೋ ನೋಡಿದೆ, ಕಾರಿನೊಳಗಿನ ವಿಡಿಯೋವನ್ನು ಮೂರು ಸಲ ನೋಡಿದೆ. ನಾಲ್ಕನೇ ಲ್ಯಾಪಿನಲ್ಲಿ ಮೇನ್ ಸ್ಟ್ರೇಟ್ ಮುಗಿಸಿ ಸಿ1 ಅನ್ನುವ ಮೊದಲ ಬಲ ತಿರುವಿಗೆ ಕಾರು ವಾಲಿದಾಗ ನಿಲ್ಲಿಸಿ ನೋಡಿ. ಸ್ಟೀರಿಂಗ್ ಚಕ್ರದ ಸಂದಿಯಲ್ಲಿ ಒಂದು ಸಣ್ಣ ಕೆಂಪು ದೀಪ, ಆಯಿಲ್ ಒತ್ತಡ ಬಿದ್ದಿದೆ ಅನ್ನುವ ದೀಪ, ಹತ್ತಿ ಆರುತ್ತದೆ. ಐದನೇ ಲ್ಯಾಪಿನಲ್ಲೂ ಅಲ್ಲೇ, ಆರರಲ್ಲೂ ಅಲ್ಲೇ. ಸೆನ್ಸರ್ ವೈರ್ ಲೂಸ್ ಇರಬೇಕು ಅಂದುಕೊಂಡೆ ಎಂದು ಬರೆದಿದ್ದೀರಿ. ವೈರ್ ಲೂಸ್ ಇದ್ದಿದ್ದರೆ ಕರ್ಬ್ ಹತ್ತಿದಾಗ, ಉಬ್ಬು ತಗ್ಗು ಸಿಕ್ಕಿದಾಗ ಎಲ್ಲೆಂದರಲ್ಲಿ ಮಿನುಗಬೇಕಿತ್ತು. ನಿಮ್ಮದು ಲ್ಯಾಪಿಗೊಂದು ಸಲ, ಅದೇ ತಿರುವಿನಲ್ಲಿ, ಅದೇ ಜಾಗದಲ್ಲಿ ಹತ್ತಿದೆ. ನಿಮ್ಮ ಇಂಜಿನ್ ಸತ್ತಿದ್ದು ಆ ಜಾಗದಲ್ಲಿ. ಶಬ್ದ ಬಂದಿದ್ದು ಮಾತ್ರ ಆಮೇಲೆ.

ಮೊದಲು ಮನಸ್ಸು ಹಗುರ ಮಾಡಿಕೊಳ್ಳಿ. ಈ ಇಂಜಿನ್ ದುರ್ಬಲ ಅಲ್ಲ. ದಕ್ಷಿಣ ಭಾರತದ ಟ್ರ್ಯಾಕುಗಳಲ್ಲಿ ಎಸ್ಟೀಮ್ ಕಾರುಗಳು ವರ್ಷಗಟ್ಟಲೆ ಓಡಿವೆ, ಈ ಆಟ ಕಲಿತವರಲ್ಲಿ ಎಷ್ಟೋ ಜನ ಅದರಲ್ಲೇ ಕಲಿತರು. ನನ್ನ ಕೈಯಲ್ಲೂ ಈ ಇಂಜಿನ್ ಲೆಕ್ಕವಿಲ್ಲದಷ್ಟು ಸಲ ಬಿಚ್ಚಿ ಜೋಡಿಸಿದ್ದಾಗಿದೆ. ಸರಿಯಾಗಿ ಜೋಡಿಸಿದ್ದು ಒಂದು ಸೀಸನ್ ಪೂರ್ತಿ ಬಾಳುತ್ತದೆ. ಆದರೆ ಅದನ್ನು ಮಾಡಿದ್ದು ರಸ್ತೆಗೆ. ರಸ್ತೆಯಲ್ಲಿ ಯಾರೂ ಮೂರು ನಾಲ್ಕು ಸೆಕೆಂಡು ಒಂದೇ ಕಡೆ ವಾಲಿಕೊಂಡು 6000 ಆರ್‌ಪಿಎಂನಲ್ಲಿ ಹೋಗುವುದಿಲ್ಲ, ಅಲ್ವಾ?

ಒಂದು ಅಗಲ ಪಾತ್ರೆಯಲ್ಲಿ ಅರ್ಧ ನೀರು ಹಾಕಿ ಮಡಿಲಲ್ಲಿಟ್ಟುಕೊಂಡು ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ತಿರುವಿನಲ್ಲಿ ನೀರೆಲ್ಲ ಒಂದು ಕಡೆಗೆ ಏರುತ್ತದೆ, ಇನ್ನೊಂದು ಕಡೆ ತಳ ಕಾಣುತ್ತದೆ. ಇಂಜಿನ್ ಅಡಿಯ ಆಯಿಲ್ ಸಂಪಿನಲ್ಲೂ ಹೀಗೇ. ತಿರುವಿನಲ್ಲಿ ಪಕ್ಕದ ಬಲ 1 ಜಿ, ಅಂದರೆ ಭೂಮಿಯ ಎಳೆತದಷ್ಟು, ಮುಟ್ಟಿದರೆ ಆಯಿಲ್ ಮಟ್ಟ 45 ಡಿಗ್ರಿ ವಾಲುತ್ತದೆ. ಒಳ್ಳೆಯ ರೇಸ್ ಟೈರ್ ಹಾಕಿದ ಕಾರು 1 ಜಿ ಹತ್ತಿರ ಸಲೀಸಾಗಿ ಹೋಗುತ್ತದೆ. ಪಂಪಿಗೆ ಆಯಿಲ್ ಎಳೆದುಕೊಡುವ ಪಿಕಪ್ ಪೈಪಿನ ಬಾಯಿ ಆಗ ಗಾಳಿ ಹೀರುತ್ತದೆ. ಎರಡೇ ಸೆಕೆಂಡು ಅನ್ನಬೇಡಿ. 6500 ಆರ್‌ಪಿಎಂನಲ್ಲಿ ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಅಚ್ಚು, ಸೆಕೆಂಡಿಗೆ 108 ಸುತ್ತು ತಿರುಗುತ್ತದೆ. ಎರಡು ಸೆಕೆಂಡು ಅಂದರೆ ಇನ್ನೂರಕ್ಕೂ ಜಾಸ್ತಿ ಸುತ್ತು, ಆಯಿಲ್ ಒತ್ತಡವೇ ಇಲ್ಲದೆ. ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಇರುವ ಸಂದು ತಲೆಗೂದಲಿಗಿಂತ ತೆಳು, ಅಲ್ಲಿ ಆಯಿಲಿನ ಪದರ ಹರಿದರೆ ಲೋಹಕ್ಕೆ ಲೋಹ ಉಜ್ಜುತ್ತದೆ. ಪ್ರತಿ ಲ್ಯಾಪಿನಲ್ಲೂ ಒಂದಿಷ್ಟು ಸವೆದು, ಹತ್ತನೇ ಲ್ಯಾಪಿಗೋ ಮುಂದಿನ ರೇಸಿಗೋ ಬೇರಿಂಗ್ ಚಿಪ್ಪು ಬಿಸಿಗೆ ಕಚ್ಚಿಕೊಂಡು ರಾಡಿನೊಳಗೇ ತಿರುಗಿಬಿಡುತ್ತದೆ. ತಿರುಗಿತೋ, ಆಯಿಲ್ ತೂತು ಮುಚ್ಚಿತು, ಅಲ್ಲಿಗೆ ಮುಗೀತು.

ನಿಮ್ಮ ಫೋಟೋದಲ್ಲಿ ಅದೇ ಇದೆ. 3ನೇ ರಾಡಿನ ದೊಡ್ಡ ತುದಿ ನೀಲಿ ಕಪ್ಪಾಗಿದೆ. ಪಕ್ಕದ 2ನೇ ಸಿಲಿಂಡರಿನ ಚಿಪ್ಪನ್ನು ನೀವು ಚೆನ್ನಾಗಿದೆ ಎಂದು ಬದಿಗಿಟ್ಟಿದ್ದೀರಿ. ಅದನ್ನು ಬಿಸಿಲಿಗೆ ಹಿಡಿದು ನೋಡಿ, ಮೇಲಿನ ಬೂದು ಪದರ ಸವೆದು ನಡುವೆ ತಾಮ್ರದ ಬಣ್ಣ ಕಾಣುತ್ತಿದೆ. ಅದು ಚೆನ್ನಾಗಿಲ್ಲ. ಅದರ ಸರದಿ ಬಂದಿರಲಿಲ್ಲ ಅಷ್ಟೇ.

ಎರಡನೇ ಇಂಜಿನ್ ಯಾಕೆ ಹೋಯಿತು ಅನ್ನುವುದಕ್ಕೂ ನಿಮ್ಮ ಪತ್ರದಲ್ಲೇ ಉತ್ತರ ಇದೆ. ಹಳೇ ಇಂಜಿನ್ನಿನ ಸಂಪ್, ಪಿಕಪ್, ಆಯಿಲ್ ಕೂಲರ್ ಅವನ್ನೇ ಹೊಸ ಇಂಜಿನ್ನಿಗೆ ಹಾಕಿಸಿದ್ದೀರಿ. ತಿರುವಿನಲ್ಲಿ ಗಾಳಿ ಹೀರುವ ಖಾಯಿಲೆ ಹಾಗೇ ಉಳಿಯಿತು. ಅದರ ಜೊತೆಗೆ ಮೊದಲ ಇಂಜಿನ್ ಸಾಯುವಾಗ ಉದುರಿದ ಲೋಹದ ಪುಡಿ ಕೂಲರಿನ ಸಣ್ಣ ದಾರಿಗಳಲ್ಲಿ ಕೂತಿರುತ್ತದೆ, ಪೆಟ್ರೋಲ್ ಹಾಕಿ ಕುಲುಕಿದರೆ ಅದು ಪೂರ್ತಿ ಬರುವುದಿಲ್ಲ. ಬೇರಿಂಗ್ ಹೋದ ಇಂಜಿನ್ನಿನ ಕೂಲರನ್ನು ನಾನು ಮತ್ತೆ ಬಳಸುವುದಿಲ್ಲ, ಗಿರಾಕಿ ಎಷ್ಟೇ ಬೇಜಾರು ಮಾಡಿಕೊಂಡರೂ. ಹೊಸ ಇಂಜಿನ್ನಿಗಿಂತ ಕೂಲರ್ ಅಗ್ಗ.

ಈಗ ನಿಮಗೆ ಸಿಕ್ಕ ಸಲಹೆಗಳು.

ಗಟ್ಟಿ ಆಯಿಲ್. ಇದು ಅರ್ಧ ಸತ್ಯ. ಆಯಿಲ್ ಕಾದಷ್ಟೂ ತೆಳುವಾಗುತ್ತದೆ, ಆದ್ದರಿಂದ ರೇಸಿನಲ್ಲಿ ರಸ್ತೆಗಿಂತ ಒಂದು ಮೆಟ್ಟಿಲು ಗಟ್ಟಿ ಆಯಿಲ್ ಬೇಕು, ಒಳ್ಳೆಯ ಸಿಂಥೆಟಿಕ್ ಬೇಕು. ಆದರೆ ತೀರಾ ಗಟ್ಟಿ ಹಾಕಿದರೆ ಇಂಜಿನ್ನಿನ ಮೇಲ್ಭಾಗದ ಹೆಡ್ಡಿಗೆ ಹೋದ ಆಯಿಲ್ ಬೇಗ ಕೆಳಗೆ ಇಳಿಯುವುದಿಲ್ಲ. ಜಾಸ್ತಿ ಆರ್‌ಪಿಎಂನಲ್ಲಿ ಒಂದಷ್ಟು ಆಯಿಲ್ ಯಾವಾಗಲೂ ಮೇಲೇ ಇರುತ್ತದೆ, ಇನ್ನಷ್ಟು ಮೇಲೆ ಉಳಿದರೆ ಸಂಪಿನಲ್ಲಿ ಮಟ್ಟ ಇಳಿದು ತಿರುವಿನ ತೊಂದರೆ ಇನ್ನೂ ಹೆಚ್ಚುತ್ತದೆ. ಗೇಜಿನಲ್ಲಿ ಒತ್ತಡ ಚೆನ್ನಾಗಿ ತೋರಿಸುತ್ತದೆ, ನಿಜ, ಆದರೆ ಪೈಪಿನ ಬಾಯಿಗೆ ಆಯಿಲೇ ಸಿಗದಿದ್ದರೆ ಅದು ಗಟ್ಟಿಯಿದ್ದರೇನು ತೆಳುವಿದ್ದರೇನು.

ಒಂದು ಲೀಟರ್ ಜಾಸ್ತಿ ಹಾಕುವುದು. ಸ್ವಲ್ಪ ಜಾಸ್ತಿ ಹಾಕುವುದು ಹಳೇ ರೂಢಿ, ಡಿಪ್ ಸ್ಟಿಕ್ಕಿನ ಮೇಲಿನ ಗೆರೆಯಿಂದ ಕಾಲು ಲೀಟರಿನಷ್ಟು ನಾನೂ ಹಾಕುತ್ತೇನೆ. ಒಂದು ಲೀಟರ್ ಮಾತ್ರ ಬೇಡ. ಕ್ರ್ಯಾಂಕ್ ತಿರುಗುತ್ತಾ ಆಯಿಲಿಗೆ ಬಡಿದು ಮಜ್ಜಿಗೆ ಕಡೆದ ಹಾಗೆ ನೊರೆ ಎಬ್ಬಿಸುತ್ತದೆ. ನೊರೆಯಲ್ಲಿ ಇರುವುದು ಗಾಳಿ, ಅದು ಬೇರಿಂಗಿನಲ್ಲಿ ಭಾರ ತಡೆಯುವುದಿಲ್ಲ. ಮೇಲಾಗಿ ಬ್ರೀದರ್ ಪೈಪಿನಿಂದ ಆಯಿಲ್ ಹೊರಗೆ ಬಂದು ಟ್ರ್ಯಾಕಿಗೆ ಚೆಲ್ಲಿದರೆ ನಿಮ್ಮ ಹಿಂದಿನವರ ಪ್ರಾಣಕ್ಕೆ ಅಪಾಯ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಾರು ಅಡ್ಡ ತಿರುಗಿ ಗೋಡೆಗೆ ಬಡಿದಾಗ ಬಂದ ಆ ಶಬ್ದ ಮರೆಯುವುದಕ್ಕೆ ಆಗಿಲ್ಲ. ಆ ಪೈಪಿನಿಂದ ಬರುವ ಆಯಿಲ್ ಹಿಡಿಯುವ ಕ್ಯಾಚ್ ಟ್ಯಾಂಕ್ ಇಲ್ಲದೆ ಕಾರು ಪಿಟ್ ಬಿಟ್ಟು ಹೊರಡಬಾರದು.

ಇನ್ನು ನಿಮ್ಮ ಮೆಕ್ಯಾನಿಕ್ ಹೇಳಿದ ಬೋರು, ಹೆಡ್ಡು, 8000 ಆರ್‌ಪಿಎಂ. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಯಾಕೆಂದರೆ ರೂಲಿನ ಮಾತೂ ಬಾಳಿಕೆಯ ಮಾತೂ ಇಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ.

ಈ ಇಂಜಿನ್ನಿನ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 74 ಮಿಮೀ; ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 75.5 ಮಿಮೀ; ನಾಲ್ಕು ಸಿಲಿಂಡರಿಗೆ ಸೇರಿ 1298 ಸಿಸಿ. ನಿಮ್ಮ ಕ್ಲಾಸಿನ ಮಿತಿ 1300 ಇದ್ದರೆ ನಿಮಗೆ ಉಳಿದಿರುವುದು ಎರಡು ಸಿಸಿ. ಅಂಗಡಿಯಲ್ಲಿ ಸಿಗುವ ಅತಿ ಸಣ್ಣ ಓವರ್ ಸೈಜ್ ಪಿಸ್ಟನ್ 0.25 ಅಂತಿಟ್ಟುಕೊಳ್ಳಿ, ಅದನ್ನು ಹಾಕಿದರೂ 1307 ದಾಟುತ್ತದೆ. 0.50 ಹಾಕಿದರೆ 1316. ರಸ್ತೆ ಕಾರಿಗೆ "ಇಂಜಿನ್ ಬೋರಿಗೆ ಬಂದಿದೆ" ಅಂದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಂಜೆಯೊಳಗೆ ಮುಗಿಯುವ ಕೆಲಸ. ರೇಸಿನಲ್ಲಿ ಅದು ನಿಮ್ಮನ್ನು ಕ್ಲಾಸಿನಿಂದಲೇ ಹೊರಗೆ ಹಾಕಬಹುದು. ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎಯ ಹಳೇ ಗ್ರೂಪ್ ಎ (ರಸ್ತೆ ಕಾರನ್ನು ಮಾರ್ಪಡಿಸಿ ಓಡಿಸುವ ದರ್ಜೆ) ನಿಯಮದಲ್ಲಿ 0.6 ಮಿಮೀ ವರೆಗೆ ಬೋರ್ ಮಾಡಲು ಬಿಡುತ್ತಿದ್ದರು, ಆದರೆ ಅಲ್ಲೂ ಕ್ಲಾಸಿನ ಸಿಸಿ ಮಿತಿ ದಾಟಬಾರದು ಎಂಬ ಷರತ್ತು ಇತ್ತು. ನಮ್ಮಲ್ಲಿ ದೇಶದ ಮೋಟಾರ್ ಕ್ರೀಡಾ ಸಂಸ್ಥೆ ಎಫ್‌ಎಂಎಸ್‌ಸಿಐ ಒಪ್ಪಿದ ತಾಂತ್ರಿಕ ನಿಯಮ ಪ್ರತಿ ಸರಣಿಗೂ ಬೇರೆ, ವರ್ಷ ವರ್ಷ ತಿದ್ದುಪಡಿ ಬರುತ್ತದೆ. ಈ ಸಾಲಿನ ನಿಮ್ಮ ಕ್ಲಾಸಿನ ಪುಸ್ತಕ ಪ್ರಿಂಟ್ ತೆಗೆದು ಪೆನ್ನು ಹಿಡಿದು ಓದಿ. ಓದುವಾಗ ಒಂದು ಮಾತು ನೆನಪಿರಲಿ: ಪುಸ್ತಕದಲ್ಲಿ ಮಾಡಬಹುದು ಎಂದು ಬರೆದಿಲ್ಲದ್ದು ಮಾಡಬಾರದ್ದು. "ಬೇಡ ಅಂತ ಎಲ್ಲೂ ಬರೆದಿಲ್ವಲ್ಲ" ಅನ್ನುವ ವಾದ ಅಧಿಕಾರಿಗಳ ಕಾರು ತಪಾಸಣೆಯಲ್ಲಿ, ಅಂದರೆ ಸ್ಕ್ರುಟಿನಿಯರಿಂಗಿನಲ್ಲಿ, ನಿಲ್ಲುವುದಿಲ್ಲ.

ಹೆಡ್ ಉಜ್ಜುವುದೂ ಹಾಗೇ. ನಿಮ್ಮ ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು, 9.5 ಅಂತ ಇಟ್ಟುಕೊಂಡರೆ ಒಂದು ಸಿಲಿಂಡರಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 38 ಸಿಸಿ. ಹೆಡ್ಡಿನಿಂದ ಅರ್ಧ ಮಿಮೀ ತೆಗೆದರೆ ಸುಮಾರು ಎರಡು ಸಿಸಿ ಕಮ್ಮಿಯಾಗಿ ಕಂಪ್ರೆಷನ್ 10ರ ಹತ್ತಿರ ಬರುತ್ತದೆ. ಚೆನ್ನೈ ಬಿಸಿಲಿನಲ್ಲಿ, ಬಂಕಿನ ಮಾಮೂಲಿ ಪೆಟ್ರೋಲಿನಲ್ಲಿ, ಕಿಡಿ ಹಾರುವ ಸಮಯದ ಇಗ್ನಿಷನ್ ಮ್ಯಾಪ್ ಬದಲಿಸದೆ ಇದನ್ನು ಮಾಡಿದರೆ ನಾಕಿಂಗ್, ಅಂದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದು, ಶುರು. ಹೆಲ್ಮೆಟ್ ಒಳಗೆ ಅದು ಕೇಳುವುದಿಲ್ಲ. ಪಿಸ್ಟನ್ ರಿಂಗಿನ ಪಕ್ಕ ಮುರಿದು ಬಿದ್ದ ಮೇಲೇ ಗೊತ್ತಾಗುವುದು. ಮತ್ತೆ ಹೆಡ್ ಉಜ್ಜಿದ್ದನ್ನು ಅಧಿಕಾರಿಗಳು ಕಂಡುಹಿಡಿಯುವುದಿಲ್ಲ ಅಂದುಕೊಳ್ಳಬೇಡಿ. ಬ್ಯೂರೆಟ್ಟಿನಿಂದ ದ್ರವ ಹಾಕಿ ಅಳೆಯುತ್ತಾರೆ. ನೀವು ಪೋಡಿಯಂ ಹತ್ತಿದ ದಿನ ಎದುರಾಳಿ ಫೀಸು ಕಟ್ಟಿ ಪ್ರೊಟೆಸ್ಟ್ ಹಾಕಿದರೆ ಇಂಜಿನ್ ಅಲ್ಲೇ ಬಿಚ್ಚಬೇಕಾಗುತ್ತದೆ.

8000 ಆರ್‌ಪಿಎಂ ವಿಷಯ ನನಗೆ ಎಲ್ಲಕ್ಕಿಂತ ಭಯ. ಆರ್‌ಪಿಎಂ ಏರಿದಾಗ ರಾಡಿನ ಮೇಲೆ ಬೀಳುವ ಎಳೆತ ಅದೇ ಪ್ರಮಾಣದಲ್ಲಿ ಏರುವುದಿಲ್ಲ, ಅದರ ವರ್ಗದಷ್ಟು ಏರುತ್ತದೆ. 6500ರಿಂದ 8000ಕ್ಕೆ ಹೋದರೆ ವೇಗ ಜಾಸ್ತಿಯಾಗುವುದು ಶೇಕಡಾ 23, ಎಳೆತ ಜಾಸ್ತಿಯಾಗುವುದು ಶೇಕಡಾ 50ಕ್ಕೂ ಹೆಚ್ಚು. ಮಾಮೂಲಿ ರಾಡು, ಮಾಮೂಲಿ ಬೋಲ್ಟು, ಆಯಿಲ್ ಸಿಗದ ಬೇರಿಂಗು, ಇವುಗಳ ಮೇಲೆ ಅಷ್ಟು ಭಾರ. ಬೇರಿಂಗ್ ಹೋದರೆ ಇಂಜಿನ್ ನಿಲ್ಲುತ್ತದೆ, ರಾಡ್ ಹೋದರೆ ಬ್ಲಾಕ್ ಒಡೆದು ಹೊರಗೆ ಬರುತ್ತದೆ. ಕಾದ ಆಯಿಲ್ ಸೈಲೆನ್ಸರ್ ಪೈಪಿಗೆ ಬಿದ್ದರೆ ಬೆಂಕಿ. ದಯವಿಟ್ಟು ಬೇಡ. ಇನ್ನೊಂದು, ಆರ್‌ಪಿಎಂ ಮಿತಿ ದಾಟದಂತೆ ತಡೆಯುವ ಲಿಮಿಟರ್ ಇದ್ದರೆ ಸಾಕು ಅಂತ ಬಹಳ ಜನ ನಂಬಿದ್ದಾರೆ. ಐದನೇ ಗೇರಿನಿಂದ ನಾಲ್ಕಕ್ಕೆ ಹಾಕುವ ಬದಲು ಕೈತಪ್ಪಿ ಎರಡಕ್ಕೆ ಹಾಕಿದರೆ ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ, ಆಗ ಯಾವ ಲಿಮಿಟರೂ ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ಗೇರ್ ಲಿವರಿನ ಬುಷ್, ಇಂಜಿನ್ ಮೌಂಟ್ ಗಟ್ಟಿ ಇರಬೇಕು.

ಜಿಟಿ ಕಾರಿನ, ಅಂದರೆ ದುಬಾರಿ ಸ್ಪೋರ್ಟ್ಸ್ ಕಾರಿನಿಂದ ಮಾಡಿದ ರೇಸ್ ಕಾರಿನ, ಮಾತು ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. 2006ರಲ್ಲಿ ಜಿಟಿ3 ಅನ್ನುವ ದರ್ಜೆ ಶುರುವಾದಾಗಿನಿಂದ ಆ ಕಾರುಗಳನ್ನು ಮಾಡಿರುವುದೇ ದುಡ್ಡು ಕೊಟ್ಟು ಓಡಿಸುವ ಹವ್ಯಾಸಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು. ಫ್ರಾನ್ಸಿನ ಲೆ ಮಾನ್ಸ್ 24 ಗಂಟೆ ರೇಸಿನಲ್ಲಿ 2024ರಿಂದ ಓಡುತ್ತಿರುವ ಎಲ್‌ಎಂಜಿಟಿ3 ಕ್ಲಾಸಿನಲ್ಲಿ ಪ್ರತಿ ಕಾರಿಗೂ ಒಬ್ಬ ಬ್ರಾಂಜ್ ದರ್ಜೆಯ, ಅಂದರೆ ಹವ್ಯಾಸಿ ಮಟ್ಟದ ಚಾಲಕ ಇರಲೇಬೇಕು. ಅಲ್ಲಿ ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್ ಅನ್ನುವ ನಿಯಮ ಇದೆ. ಯಾವ ಕಾರು ಜಾಸ್ತಿ ವೇಗ ತೋರಿಸಿತೋ ಅದಕ್ಕೆ ತೂಕ ಹೇರುತ್ತಾರೆ, ಗಾಳಿ ಹೋಗುವ ದಾರಿಗೆ ರಿಸ್ಟ್ರಿಕ್ಟರ್ ಹಾಕುತ್ತಾರೆ, ಟರ್ಬೊ ಒತ್ತಡ ಇಳಿಸುತ್ತಾರೆ. ಹಾಗಾಗಿ ಇಂಜಿನ್ನಿನಿಂದ ಕೊನೇ ಹನಿ ಶಕ್ತಿ ಹಿಂಡುವುದರಲ್ಲಿ ಲಾಭವೇ ಇಲ್ಲ. ಎಷ್ಟೋ ಜಿಟಿ ಇಂಜಿನ್‌ಗಳು ತಮ್ಮ ಕೈಲಾಗುವುದಕ್ಕಿಂತ ಕಮ್ಮಿ ಶಕ್ತಿಯಲ್ಲಿ ಓಡುತ್ತವೆ, ಅದಕ್ಕೇ 24 ಗಂಟೆ ಬಾಳುತ್ತವೆ. ಜೊತೆಗೆ ಅವುಗಳಲ್ಲಿ ಹಲವಕ್ಕೆ ಡ್ರೈ ಸಂಪ್ ಇರುತ್ತದೆ. ಆಯಿಲ್ ಇಂಜಿನ್ನಿನ ಅಡಿಯಲ್ಲಿ ಇರುವುದೇ ಇಲ್ಲ, ಬೇರೆ ಪಂಪುಗಳು ಅದನ್ನು ಎಳೆದು ಎತ್ತರದ ಟ್ಯಾಂಕಿಗೆ ತುಂಬುತ್ತವೆ, ಅಲ್ಲಿಂದ ಇಂಜಿನ್ನಿಗೆ ಹೋಗುತ್ತದೆ. ಎಷ್ಟೇ ಉದ್ದದ ತಿರುವಿದ್ದರೂ ಪೈಪಿನ ಬಾಯಿ ಒಣಗುವುದಿಲ್ಲ. ನಮ್ಮ ಬೆಂಗಳೂರಿನ ಅಖಿಲ್ ರಬೀಂದ್ರ ಯುರೋಪಿನ ಜಿಟಿ4 ಸರಣಿಯಲ್ಲಿ ಆಸ್ಟನ್ ಮಾರ್ಟಿನ್ ಓಡಿಸಿದರು, ಅರ್ಜುನ್ ಮೈನಿ ಜರ್ಮನಿಯ ಡಿಟಿಎಂ ಸರಣಿಯಲ್ಲಿ ಮರ್ಸಿಡೀಸ್ ಜಿಟಿ3 ಓಡಿಸಿದರು. ಆ ಕಾರುಗಳಿಂದ ನಿಮ್ಮ ಎಸ್ಟೀಮ್ ಕಲಿಯಬೇಕಾದ್ದು ಇದೇ: ಮೊದಲು ಆಯಿಲ್, ಆಮೇಲೆ ಶಕ್ತಿ.

ಪೋಲೋ ಜಿಟಿ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹಿಂದೆ ಜಿಟಿ ಅಂತ ಅಂಟಿಸಿದ್ದರೂ ಅದು ರೇಸಿನ ಜಿಟಿ ಅಲ್ಲ. 2020ರ ತನಕ ಅದರಲ್ಲಿ ಬರುತ್ತಿದ್ದ 1.2 ಲೀಟರ್ ಟರ್ಬೊ ಪೆಟ್ರೋಲ್ ಇಂಜಿನ್ 1197 ಸಿಸಿ. ಎಫ್‌ಐಎ ನಿಯಮಗಳಲ್ಲಿ ಟರ್ಬೊ ಪೆಟ್ರೋಲ್ ಇಂಜಿನ್ನಿನ ಸಿಸಿಯನ್ನು 1.7ರಿಂದ ಗುಣಿಸುವ ಪದ್ಧತಿ ಇದೆ, ಹಾಗೆ ಲೆಕ್ಕ ಹಾಕಿದರೆ ಅದು 2035 ಸಿಸಿ ಕಾರು. ನಿಮ್ಮ ಸರಣಿಯಲ್ಲೂ ಇದೇ ಲೆಕ್ಕ ಇದ್ದರೆ ಎರಡು ಲೀಟರ್ ಕಾರುಗಳ ಕ್ಲಾಸಿನಲ್ಲೂ ಅದಕ್ಕೆ ಜಾಗ ಇಲ್ಲ. ಆ ಕಾರಿನ ತಾನೇ ಗೇರ್ ಬದಲಿಸುವ ಡಿಎಸ್‌ಜಿ ಗೇರ್‌ಬಾಕ್ಸಿಗೆ ಇರುವುದು ಆಯಿಲಿನಲ್ಲಿ ಮುಳುಗದ ಡ್ರೈ ಕ್ಲಚ್, ಟ್ರ್ಯಾಕಿನ ಬಿಸಿಗೆ ಅದು ಹೇಳಿ ಮಾಡಿಸಿದ್ದಲ್ಲ. ರಸ್ತೆಗೆ ಚೆಂದದ ಕಾರು, ನಿಮ್ಮ ಈಗಿನ ಕಷ್ಟಕ್ಕೆ ಔಷಧಿ ಅಲ್ಲ.

ಹಾಗಾದರೆ ಏನು ಮಾಡಬಹುದು? ನನ್ನ ಪ್ರಕಾರ ನಿಮಗೆ ಎರಡು ದಾರಿ ಇದೆ.

ಒಂದು, ಈ ವರ್ಷ ಕಾರನ್ನು ಮುಚ್ಚಿಟ್ಟು, ಒಂದೇ ಮಾದರಿಯ ಕಾರುಗಳಿರುವ ಸರಣಿಯಲ್ಲಿ ಸೀಟು ಬಾಡಿಗೆಗೆ ತೆಗೆದುಕೊಂಡು ಓಡಿಸುವುದು. ಇಂಜಿನ್ ಸಂಘಟಕರದ್ದು, ಸೀಲ್ ಅವರದ್ದು, ರಾತ್ರಿಯಿಡೀ ಗ್ಯಾರೇಜಿನಲ್ಲಿ ಕೂರುವ ಗೋಳು ಇಲ್ಲ. ನೀವು ಓಡಿಸುವುದು ಕಲಿಯುತ್ತೀರಿ. ಗುದ್ದಿದರೆ ರಿಪೇರಿ ಖರ್ಚು ಯಾರದ್ದು, ಎಷ್ಟರವರೆಗೆ, ಅನ್ನುವುದನ್ನು ಸಹಿ ಹಾಕುವ ಮೊದಲು ಸರಿಯಾಗಿ ಓದಿ. ಆ ಒಂದು ಸಾಲು ಓದದೆ ಎರಡು ಸೀಸನ್ನಿನ ದುಡ್ಡು ಒಂದೇ ದಿನದಲ್ಲಿ ಕಳೆದುಕೊಂಡವರನ್ನು ಬಲ್ಲೆ.

ಎರಡು, ಎಸ್ಟೀಮ್ ಇಟ್ಟುಕೊಂಡು ಸರಿ ಮಾಡುವುದು. ನಾನಾಗಿದ್ದರೆ ಇದನ್ನೇ ಮಾಡುತ್ತೇನೆ, ಯಾಕೆಂದರೆ ಕಾರಿನ ಬಾಡಿ, ರೋಲ್ ಕೇಜ್, ಬ್ರೇಕ್ ಎಲ್ಲ ಚೆನ್ನಾಗಿವೆ ಎಂದು ನೀವೇ ಬರೆದಿದ್ದೀರಿ. ಸ್ಟಾಂಡರ್ಡ್ ಬೋರ್ ಇರುವ, ಸವೆಯದ ಬ್ಲಾಕ್ ಹುಡುಕಿ. ಕ್ರ್ಯಾಂಕಿಗೆ ಎಮರಿ ಪೇಪರ್ ಹಾಕಿ ತಿಕ್ಕಿ ಹೊಸ ಬೇರಿಂಗ್ ಕೂರಿಸುವ ಕೆಲಸ ಯಾರಿಗೂ ಬಿಡಬೇಡಿ. ಮೈಕ್ರೋಮೀಟರಿನಲ್ಲಿ ಅಳೆಯಬೇಕು, ಗೀರು ಇದ್ದರೆ ಗ್ರೈಂಡ್ ಮಾಡಿಸಿ ಅದಕ್ಕೆ ತಕ್ಕ ಅಂಡರ್ ಸೈಜ್ ಚಿಪ್ಪು ಹಾಕಬೇಕು, ಪ್ರತಿ ಬೇರಿಂಗಿನ ಸಂದನ್ನೂ ಪ್ಲಾಸ್ಟಿಗೇಜ್ (ಒತ್ತಿದಾಗ ಎಷ್ಟು ಅಗಲವಾಯಿತು ಎಂದು ಅಳೆಯುವ ಪ್ಲಾಸ್ಟಿಕ್ ಎಳೆ) ಇಟ್ಟು ನೋಡಿ ಪುಸ್ತಕದಲ್ಲಿ ಬರೆದಿಡಬೇಕು. ರಾಡ್ ಬೋಲ್ಟ್ ಹೊಸವು.

ಸಂಪಿನ ಒಳಗೆ ಬ್ಯಾಫಲ್ ಕೂಡಿಸಿ. ಪಿಕಪ್ಪಿನ ಸುತ್ತ ಒಂದು ಸಣ್ಣ ಕೋಣೆ, ಅದಕ್ಕೆ ಒಳಮುಖವಾಗಿ ಮಾತ್ರ ತೆರೆಯುವ ಬಾಗಿಲು, ತಿರುವಿನಲ್ಲಿ ಆಯಿಲ್ ಒಳಗೆ ಬರುತ್ತದೆ, ಹೊರಗೆ ಹೋಗುವುದಿಲ್ಲ. ಆದರೆ ಸುಮ್ನೆ ಒಂದು ತಗಡು ಬೆಸೆದು ಮುಚ್ಚಿಬಿಟ್ಟರೆ ಮೇಲಿನಿಂದ ಇಳಿಯುವ ಆಯಿಲಿಗೂ ದಾರಿ ಇಲ್ಲದೆ ಮೊದಲಿಗಿಂತ ಕೆಟ್ಟದಾಗುತ್ತದೆ. ಬೆಸುಗೆಯ ಉಂಡೆಗಳು ಉದುರಿ ಪಂಪಿಗೆ ಹೋಗಿದ್ದೂ ಉಂಟು, ಆದ್ದರಿಂದ ಗೊತ್ತಿರುವವರ ಕೈಲೇ ಮಾಡಿಸಿ. ಬ್ಯಾಫಲ್ಲಿಗೆ ನಿಮ್ಮ ಕ್ಲಾಸಿನಲ್ಲಿ ಅನುಮತಿ ಇದೆಯಾ ಎಂದು ತಾಂತ್ರಿಕ ಅಧಿಕಾರಿಗೆ ಬರಹದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆದು ಲಾಗ್ ಬುಕ್ ಜೊತೆ ಇಟ್ಟುಕೊಳ್ಳಿ. ಪಿಟ್ಟಿನಲ್ಲಿ ಯಾರೋ "ನಡೆಯುತ್ತೆ ಬಿಡಿ" ಅಂದಿದ್ದು ಲೆಕ್ಕಕ್ಕಿಲ್ಲ. ಒಪ್ಪಿದರೆ ಒತ್ತಡದಲ್ಲಿ ಆಯಿಲ್ ಹಿಡಿದಿಟ್ಟು, ಒತ್ತಡ ಬಿದ್ದಾಗ ಒಂದೆರಡು ಸೆಕೆಂಡಿಗೆ ಬಿಡುವ ಅಕ್ಯುಮ್ಯುಲೇಟರ್ ಕೂಡ ಒಳ್ಳೆಯದು. ಡ್ರೈ ಸಂಪ್ ಈ ಮಟ್ಟದ ರೇಸಿಗೆ ಖರ್ಚಿಗೆ ತಕ್ಕದ್ದಲ್ಲ.

ಆ ಸಣ್ಣ ಕೆಂಪು ದೀಪವನ್ನು ಕಿತ್ತುಹಾಕಿ. ಕಂಪನಿಯ ಸ್ವಿಚ್ ಹತ್ತುವುದು ಒತ್ತಡ ಹೆಚ್ಚುಕಮ್ಮಿ ಸೊನ್ನೆಗೆ ಬಂದ ಮೇಲೆ, ಅಂದರೆ ಅದು ಸಾವಿನ ಸುದ್ದಿ ಹೇಳುವ ದೀಪ. ವರ್ಕ್‌ಶಾಪುಗಳಲ್ಲಿ ನಾವು ಹಿಡಿಯುವ ಅಂದಾಜು ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ. 25 ಪಿಎಸ್‌ಐಗೆ ಹತ್ತುವ ಸ್ವಿಚ್ ಹಾಕಿ, ನಾಲ್ಕಾಣೆ ಅಗಲದ ದೀಪವನ್ನು ಕಣ್ಣೆದುರಿಗೇ ಕೂರಿಸಿ. ತಿರುವಿನಲ್ಲಿ ಅದು ಹತ್ತಿತೋ, ಕಾಲು ತೆಗೆಯಿರಿ, ಎಷ್ಟನೇ ಸ್ಥಾನದಲ್ಲಿದ್ದರೂ ಸರಿ. ಆಯಿಲ್ ಬಿಸಿ ತೋರಿಸುವ ಗೇಜೂ ಬೇಕು, 100ರಿಂದ 120 ಡಿಗ್ರಿ ಒಳಗೆ ಇರಲಿ. 130 ದಾಟಿದರೆ ಕೂಲರಿಗೆ ಗಾಳಿ ಸಾಲುತ್ತಿಲ್ಲ. ರೇಡಿಯೇಟರಿನ ಸುತ್ತಲಿನ ಸಂದುಗಳನ್ನು ಫೋಮ್ ಇಟ್ಟು ಮುಚ್ಚಿ, ಗಾಳಿ ಬದಿಯಿಂದ ತಪ್ಪಿಸಿಕೊಂಡು ಹೋಗದ ಹಾಗೆ. ಇಷ್ಟಕ್ಕೇ ಬಿಸಿ ಇಳಿದಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಲಿಮಿಟರ್ 6800ಕ್ಕೆ ಇಡಿ. ಲ್ಯಾಪಿಗೆ ಒಂದಿಷ್ಟು ಸಮಯ ಹೋಗಬಹುದು, ಹೋಗಲಿ.

ಇಂಜಿನ್ ಕೂರಿಸಿದ ಮೇಲೆ ಪ್ಲಗ್ ನಾಲ್ಕೂ ತೆಗೆದು, ಗೇಜಿನಲ್ಲಿ ಒತ್ತಡ ಬರುವ ತನಕ ಸ್ಟಾರ್ಟರಿನಲ್ಲೇ ತಿರುಗಿಸಿ, ಆಮೇಲೆ ಸ್ಟಾರ್ಟ್ ಮಾಡಿ. ಮೊದಲ ಪ್ರಾಕ್ಟೀಸ್ ಮುಗಿದ ಕೂಡಲೇ ಆಯಿಲ್ ಬಿಸಿ ಇರುವಾಗಲೇ ಬಿಳಿ ಟ್ರೇಗೆ ಇಳಿಸಿ ಬಿಸಿಲಿನಲ್ಲಿ ನೋಡಿ. ಫಿಲ್ಟರ್ ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ ಹರಡಿ. ಕಪ್ಪು ಪುಡಿ ಒಂದೆರಡು ಕಂಡರೆ ಭಯ ಬೇಡ. ಬೆಳ್ಳಿಯ ಮಿನುಗು ಕಂಡರೆ ರೇಸಿಗೆ ಇಳಿಯಬೇಡಿ, ಆ ಮಡಿಕೆಗಳ ಫೋಟೋ ತೆಗೆದು ನನಗೆ ಕಳಿಸಿ, ಅವತ್ತೇ ಉತ್ತರ ಕೊಡುತ್ತೇನೆ.